ಚೆಕ್ಕಿನ ಫೋಟೊ ಸಾಕು, ಮಾಸ್ತರರ ಗೌರವಧನಕ್ಕೂ ದುಡ್ಡು ಕೊಡಿ

ಸಂಪಾದಕರಿಗೆ ನಮಸ್ಕಾರ.

ಪತ್ರ ಸ್ವಲ್ಪ ಉದ್ದ ಆಗಿದೆ. ಕತ್ತರಿ ಹಾಕುವುದಿದ್ದರೆ ಹಾಕಿ, ಆದರೆ ಗೌರವಧನದ ಭಾಗಕ್ಕೆ ಮಾತ್ರ ಬೇಡ.

ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಫೋಟೊ ಬರುತ್ತದೆ. ಥರ್ಮಾಕೋಲಿಗೆ ಅಂಟಿಸಿದ ದೊಡ್ಡ ಚೆಕ್ಕು, ಹಿಂದೆ ಫ್ಲೆಕ್ಸು, ಕೊಡುವ ಕಡೆ ಎಂಟು ಜನ, ಇಸಿದುಕೊಳ್ಳುವ ಕಡೆ ಇಬ್ಬರು, ಮುಂದೆ ನೆಲದ ಮೇಲೆ ಕೂರಿಸಿದ ಮಕ್ಕಳು. ಕೆಳಗೆ ‘ಯುವಜನರ ಶಿಕ್ಷಣ ಮತ್ತು ಸಂಸ್ಕೃತಿಗಾಗಿ ನೆರವು’ ಅಂತ ಎರಡು ಸಾಲು. ಕೊಟ್ಟವರನ್ನು ನಾನು ಆಡಿಕೊಳ್ಳುತ್ತಿಲ್ಲ. ಕೊಡದೇ ಇರುವವರೇ ಜಾಸ್ತಿ ಇರುವ ಕಾಲ ಇದು. ನನ್ನ ತಕರಾರು ಇರುವುದು ಆ ದುಡ್ಡು ಯಾವುದಕ್ಕೆ ಹೋಗುತ್ತದೆ, ಯಾವುದಕ್ಕೆ ಹೋಗುವುದೇ ಇಲ್ಲ ಅನ್ನುವುದರ ಬಗ್ಗೆ.

ನಾನು ಹಾನಗಲ್ಲ ತಾಲ್ಲೂಕಿನವನು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಊರಲ್ಲಿ ಯಾವ ಫಾರಂ ಇದ್ದರೂ ಅದು ನನ್ನ ಮನೆಗೇ ಬರುತ್ತದೆ. ವೃದ್ಧಾಪ್ಯ ವೇತನದ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಬೆಳೆವಿಮೆ, ಮತ್ತೆ ಈಗ ಕೆಲವು ವರ್ಷಗಳಿಂದ ನಮ್ಮ ಹುಡುಗರ ಸಂಘದ ಅನುದಾನದ ಅರ್ಜಿ.

ಈ ಸಂಘದ ಕೆಲಸ ಇಷ್ಟೇ. ಸಂಜೆ ಸಮುದಾಯ ಭವನದಲ್ಲಿ ಮೊದಲ ಒಂದು ತಾಸು ಪಾಠ, ಆಮೇಲೆ ನಮ್ಮ ಕಡೆಯ ಬಯಲಾಟ ದೊಡ್ಡಾಟದ ತಾಲೀಮು. ಪಾಠ ಹೇಳುವುದು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿರುವ ಊರಿನದೇ ಒಬ್ಬ ಹುಡುಗಿ. ದೊಡ್ಡಾಟ ಕಲಿಸುವವರು ಪಕ್ಕದ ಊರಿನಿಂದ ಸೈಕಲ್ ಮೋಟಾರ್ ಮೇಲೆ ಬರುವ ಮಾಸ್ತರರು. ಹಗಲು ಅವರದು ಗೋವಿನಜೋಳದ ಹೊಲ, ಸಂಜೆ ಕೈಯಲ್ಲಿ ತಾಳ. ಆಟಕ್ಕೆ ಅಂತ ಬಂದ ಹುಡುಗರು ಪಾಠಕ್ಕೂ ಕೂರಲೇಬೇಕು ಅನ್ನುವುದು ಅವರದೇ ನಿಯಮ. ಲೆಕ್ಕ ಮಾಡದಿದ್ದರೆ ಕಿರೀಟ ಇಲ್ಲ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಇದ್ದ. ಓದು ಅಂದರೆ ಒಂದೊಂದೇ ಅಕ್ಷರ ಕೂಡಿಸಿ ತಡವರಿಸುವವನು. ಶಾಲೆಯಲ್ಲಿ ಹಿಂದಿನ ಬೆಂಚು ಖಾಯಂ. ಮಾಸ್ತರರು ಅವನಿಗೆ ಭೀಮನ ಪಾತ್ರ ಕೊಟ್ಟರು, ದನಿ ದೊಡ್ಡದಿತ್ತು ಅಂತ. ಮೊದಲು ಬಾಯಿಂದ ಬಾಯಿಗೆ ಮಾತು ಕಲಿಸಿದರು. ಅವನಿಗೆ ಪೂರ್ತಿ ಬಾಯಿಪಾಠ ಆದ ಮೇಲೆ ಅದೇ ಮಾತು ಬರೆದ ನೋಟ್‌ಬುಕ್ಕು ಕೈಗೆ ಕೊಟ್ಟು, ‘ಈಗ ನೋಡಿಕೊಂಡು ಹೇಳು’ ಅಂದರು. ಹುಡುಗ ಬೆರಳಿಟ್ಟು ನೋಡಿದ. ತನಗೆ ಗೊತ್ತಿದ್ದ ಮಾತು ಕಾಗದದ ಮೇಲೆ ಹೀಗಿರುತ್ತದೆ ಅಂತ ಅವನಿಗೆ ಆವತ್ತು ತಿಳಿಯಿತು ಅನಿಸುತ್ತದೆ. ದಸರೆ ರಜೆ ಮುಗಿಯುವ ಹೊತ್ತಿಗೆ ಉಳಿದವರ ಮಾತನ್ನೂ ಓದಿ ಹೇಳುತ್ತಿದ್ದ, ಅವರು ತಪ್ಪಿದರೆ ಬೈಯುತ್ತಲೂ ಇದ್ದ. ಶಿಕ್ಷಣ ಬೇರೆ, ಸಂಸ್ಕೃತಿ ಬೇರೆ ಅಂತ ಅರ್ಜಿಯಲ್ಲಿ ಎರಡು ಕಾಲಂ ಇಡುವವರು ಒಂದು ಸಂಜೆ ಬಂದು ಇಲ್ಲಿ ಕೂರಬೇಕು.

ಈ ಮಾಸ್ತರರಿಗೆ ನಾವು ಕೊಡುವುದು ಏನು ಗೊತ್ತಾ? ಪೆಟ್ರೋಲಿಗೆ ಅಂತ ಊರವರು ಪಟ್ಟಿ ಹಾಕಿ ಕೂಡಿಸಿದ ಒಂದಿಷ್ಟು. ಪಾಠ ಹೇಳುವ ಹುಡುಗಿಗೆ ಅದೂ ಇಲ್ಲ. ಅವಳ ಮನೆಯಲ್ಲಿ ಈಗಾಗಲೇ ‘ಸುಮ್ನೆ ಊರ ಸೇವೆ ಎಷ್ಟು ದಿನ’ ಅಂತ ಕೇಳುತ್ತಿದ್ದಾರೆ. ಕೇಳುವುದು ತಪ್ಪೂ ಅಲ್ಲ.

ಒಂದು ವರ್ಷ ನಮಗೂ ಅನುದಾನ ಸಿಕ್ಕಿತ್ತು. ಯಾವ ಪ್ರತಿಷ್ಠಾನ ಅಂತ ಹೇಳುವುದಿಲ್ಲ, ಹೇಳಿ ಉಪಯೋಗವೂ ಇಲ್ಲ, ಬಹುತೇಕ ಎಲ್ಲರದೂ ಒಂದೇ ದಾರಿ. 50,000 ರೂಪಾಯಿ. ಅರ್ಜಿ ಇಂಗ್ಲಿಷಿನಲ್ಲಿ, ಆನ್‌ಲೈನಿನಲ್ಲಿ. ಕನ್ನಡದಲ್ಲಿ ಟೈಪ್ ಮಾಡಿದರೆ ಬರೀ ಚೌಕ ಚೌಕ ಕಾಣುತ್ತಿತ್ತು. ಗೌರವಧನಕ್ಕೆ ಒಟ್ಟು ಮೊತ್ತದಲ್ಲಿ ಹತ್ತು ಪರ್ಸೆಂಟಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಅಂತ ಷರತ್ತು. ಪ್ರತಿ ಖರ್ಚಿಗೂ ಜಿಎಸ್‌ಟಿ ಬಿಲ್ಲು. ಮದ್ದಲೆಗೆ ಕರಣೆ ಹಾಕಿಕೊಡುವ ಮುದುಕಪ್ಪನ ಹತ್ತಿರ ಜಿಎಸ್‌ಟಿ ಬಿಲ್ಲು ಎಲ್ಲಿಂದ ತರುವುದು? ಪೇಟಿ ರಿಪೇರಿ ಮಾಡುವವನು ಬಿಲ್ಲು ಕೇಳಿದ್ದಕ್ಕೆ ನಕ್ಕು, ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಸಹಿ ಮಾಡಿಕೊಟ್ಟ. ಅದು ನಡೆಯಲಿಲ್ಲ.

ಬಿಲ್ಲು ಸಿಗುವುದು ಯಾವುದಕ್ಕೆ? ಸ್ಪೀಕರ್ ಸೆಟ್ಟಿಗೆ. ಲೋಗೊ ಹಾಕಿದ ಟೀ ಶರ್ಟಿಗೆ. ಫ್ಲೆಕ್ಸಿಗೆ. ಶಾಮಿಯಾನಕ್ಕೆ. ಹಾಗಾಗಿ ದುಡ್ಡು ಅಲ್ಲಿಗೇ ಹೋಯಿತು. ಒಂದು ದಿನದ ಕಾರ್ಯಕ್ರಮ ಭರ್ಜರಿ ಆಯಿತು, ಲೊಕೇಶನ್ ಬರುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದೆವು, ಲೆಕ್ಕಪರಿಶೋಧಕರಿಂದ ಹಣ ಬಳಕೆ ಪ್ರಮಾಣಪತ್ರ ಮಾಡಿಸಿದೆವು, ಅವರ ಫೀ ಬೇರೆ ನಮ್ಮ ಕೈಯಿಂದಲೇ. ಮುಂದಿನ ವರ್ಷ ಕೇಳಿದರೆ, ಈ ಸಲ ನಮ್ಮ ಆದ್ಯತೆ ಗಿಡ ನೆಡುವುದು ಅಂದರು. ಸ್ಪೀಕರು ಈಗ ಪಂಚಾಯತಿಯ ಒಂದು ಕೋಣೆಯಲ್ಲಿದೆ, ಗಣೇಶನ ಹಬ್ಬಕ್ಕೆ ಹೊರಗೆ ಬರುತ್ತದೆ.

ಇದು ಒಂದು ಊರಿನ ಕಥೆ ಅನ್ನಬೇಡಿ. ಭಜನೆ ಕಲಿಸುವವರು, ಡೊಳ್ಳು ಕಲಿಸುವವರು, ರಜೆಯಲ್ಲಿ ಮಕ್ಕಳ ನಾಟಕ ಮಾಡಿಸುವವರು, ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರ ಗ್ರಂಥಾಲಯದಲ್ಲಿ, ಸಂಜೆ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದುವವರು, ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ವಸ್ತುವಿಗೆ ದುಡ್ಡಿದೆ, ಸಮಾರಂಭಕ್ಕೆ ದುಡ್ಡಿದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಾದ ಕಟ್ಟಡಕ್ಕಂತೂ ಇದ್ದೇ ಇದೆ. ದಿನಾ ಸಂಜೆ ಬಂದು ಕಲಿಸುವ ಮನುಷ್ಯನಿಗೆ ಇಲ್ಲ.

ಕಾನೂನು ಹಾಗಿದೆ ಅಂತ ಕೆಲವರು ಹೇಳುತ್ತಾರೆ. ಪೂರ್ತಿ ನಿಜವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಎರಡು ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಏನೇನಕ್ಕೆ ಮಾಡಬಹುದು ಅನ್ನುವ ಪಟ್ಟಿಯಲ್ಲಿ ಶಿಕ್ಷಣ ಇದೆ, ಸಾರ್ವಜನಿಕ ಗ್ರಂಥಾಲಯ ಇದೆ, ಸಾಂಪ್ರದಾಯಿಕ ಕಲೆಗಳ ಬೆಳವಣಿಗೆಯೂ ಇದೆ. ಶುರುವಾದ ವರ್ಷ ಬಿಟ್ಟು ಮುಂದೆ ಮೂರು ವರ್ಷದವರೆಗೆ ನಡೆಯುವ ಯೋಜನೆ ಮಾಡುವುದಕ್ಕೂ ದಾರಿ ಇದೆ. ದೊಡ್ಡಾಟ ಕಲಿಸುವವರಿಗೆ ಗೌರವಧನ ಕೊಡಬಾರದು ಅಂತ ಎಲ್ಲೂ ಬರೆದಿಲ್ಲ. ಕಾಯ್ದೆಯಡಿಯ ನಿಯಮಗಳು ಕಂಪನಿಯ ಆಡಳಿತದ ಖರ್ಚಿಗೆ ಐದು ಪರ್ಸೆಂಟ್ ಮಿತಿ ಹಾಕಿವೆ ನಿಜ, ಆದರೆ ಕಲಿಸುವವರ ಗೌರವಧನ ಆಡಳಿತದ ಖರ್ಚು ಹೇಗಾಗುತ್ತದೆ? ಅದೇ ತಾನೆ ಕಾರ್ಯಕ್ರಮ!

ಆದರೆ ಸಣ್ಣ ಸಂಘಕ್ಕೆ ಆ ದುಡ್ಡು ಮುಟ್ಟುವುದಿಲ್ಲ ಅನ್ನುವುದು ಮಾತ್ರ ಅಪ್ಪಟ ಸತ್ಯ. 2021ರ ಏಪ್ರಿಲ್‌ನಿಂದ, ಕಂಪನಿಯ ದುಡ್ಡು ತೆಗೆದುಕೊಂಡು ಕೆಲಸ ಮಾಡುವ ಸಂಸ್ಥೆ ಕೇಂದ್ರ ಸರ್ಕಾರದಲ್ಲಿ ಬೇರೆಯೇ ನೋಂದಣಿ ಮಾಡಿಸಬೇಕು. ಆದಾಯ ತೆರಿಗೆಯಲ್ಲಿ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಅಂತ ಕರೆಯುವ ನೋಂದಣಿಗಳು ಬೇಕು. ಸಾಮಾನ್ಯವಾಗಿ ಮೂರು ವರ್ಷ ಅಂಥ ಕೆಲಸ ಮಾಡಿದ ದಾಖಲೆಯೂ ಬೇಕು. ನಮ್ಮ ಹುಡುಗರದು ಸಹಕಾರ ಇಲಾಖೆಯಲ್ಲಿ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಹಿ ಹಾಕಿ ಮಾಡಿಸಿದ ಸಂಘ. ಅದನ್ನು ವರ್ಷ ವರ್ಷ ನವೀಕರಿಸುವುದರಲ್ಲೇ ಸುಸ್ತು. ಇನ್ನು ಕಂಪನಿ ಎಲ್ಲಿದೆಯೋ ಆ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತಲೂ ಕಾಯ್ದೆಯಲ್ಲಿದೆ. ಕಂಪನಿಗಳು ಎಲ್ಲಿವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಇದೆ, ರಾಣೆಬೆನ್ನೂರಿನ ಬೀಜದ ವ್ಯಾಪಾರ ಇದೆ, ಆದರೆ ಬೆಂಗಳೂರಿನ ಹೊರವರ್ತುಲ ರಸ್ತೆಯಂಥದ್ದು ಇಲ್ಲವಲ್ಲ.

ಹಾಗಾದರೆ ನಮ್ಮ ಕಡೆ ದುಡ್ಡೇ ಇಲ್ಲವಾ? ಇದೆ. ನಾನು ಬ್ಯಾಂಕಿನ ಒಳಗಿಂದ ನೋಡಿದ್ದೇನೆ. ದತ್ತಿಗಳು! ಹೈಸ್ಕೂಲಿನ ಹೆಸರಲ್ಲಿ, ಕಾಲೇಜಿನ ಹೆಸರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರಲ್ಲಿ, ದೇವಸ್ಥಾನದ ಹೆಸರಲ್ಲಿ ಇಟ್ಟ ಸಣ್ಣ ಸಣ್ಣ ಠೇವಣಿಗಳು. ‘ನಮ್ಮ ತಂದೆಯವರ ಸ್ಮರಣಾರ್ಥ, ಕನ್ನಡದಲ್ಲಿ ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗೆ ಬಹುಮಾನ.’ 1980ರ ದಶಕದಲ್ಲಿ 5,000 ರೂಪಾಯಿ ಇಟ್ಟರೆ ಹತ್ತು ಪರ್ಸೆಂಟ್ ಲೆಕ್ಕದಲ್ಲಿ ವರ್ಷಕ್ಕೆ 500 ಬರುತ್ತಿತ್ತು. ಆಗ ಅದು ಒಬ್ಬ ಹುಡುಗನ ಪುಸ್ತಕ, ಫೀ ಎಲ್ಲಕ್ಕೂ ಆಗುತ್ತಿತ್ತು. ಈಗ ಆರೂವರೆ ಪರ್ಸೆಂಟಿನಲ್ಲಿ 325 ರೂಪಾಯಿ. ಅದಕ್ಕೊಂದು ಕಾರ್ಯಕ್ರಮ, ಅದಕ್ಕೊಂದು ಹಾರ, ಹಾರಕ್ಕೇ 200. ಕೆಲವು ಕಡೆ ಬಹುಮಾನ ಕೊಡುವುದನ್ನೇ ಬಿಟ್ಟಿದ್ದಾರೆ, ಠೇವಣಿ ಮಾತ್ರ ತಾನಾಗಿ ನವೀಕರಣ ಆಗುತ್ತಾ ಬಿದ್ದಿದೆ. ಇಟ್ಟವರು ತೀರಿಕೊಂಡಿದ್ದಾರೆ, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಹೆಡ್‌ಮಾಸ್ತರರು ಮೂರು ವರ್ಷಕ್ಕೊಮ್ಮೆ ವರ್ಗ ಆಗುತ್ತಾರೆ. ಯಾರೂ ಕೇಳುವುದಿಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡ್ ಎಂಬ ಊರಲ್ಲಿ ನೂರು ವರ್ಷದ ಹಿಂದೆ ಇದೇ ಸಮಸ್ಯೆಗೆ ತಲೆ ಕೆಡಿಸಿಕೊಂಡವನು ಒಬ್ಬ ಬ್ಯಾಂಕಿನವನೇ. ಫ್ರೆಡೆರಿಕ್ ಗಾಫ್ ಅಂತ. ಸತ್ತವರು ಉಯಿಲಿನಲ್ಲಿ ಬರೆದಿಟ್ಟ ಉದ್ದೇಶಗಳಿಗೆ ಕಾಲವೇ ಮುಗಿದುಹೋಗಿ, ದುಡ್ಡು ಸಿಕ್ಕಿಹಾಕಿಕೊಂಡು ಕೂತಿರುವುದನ್ನು ನೋಡಿ, 1914ರಲ್ಲಿ ಎಲ್ಲರ ದಾನವನ್ನೂ ಒಂದೇ ಕಡೆ ಕೂಡಿಸಿ, ಬಡ್ಡಿಯನ್ನು ಊರಿನ ಈಗಿನ ಅಗತ್ಯಕ್ಕೆ ಹಂಚುವ ಸಮುದಾಯ ಪ್ರತಿಷ್ಠಾನ ಕಟ್ಟಿದ. ಹಂಚುವುದನ್ನು ತೀರ್ಮಾನಿಸುವುದು ಊರಿನದೇ ಒಂದು ಸಮಿತಿ. ಈಗ ಅಂಥವು ಅಮೆರಿಕದಲ್ಲಿ ನೂರಾರು ಇವೆ, ಹುಡುಗರ ಓದಿಗೆ, ಊರಿನ ನಾಟಕ-ಸಂಗೀತಕ್ಕೆ ವರ್ಷ ವರ್ಷ ಅನುದಾನ ಕೊಡುವುದೇ ಅವುಗಳ ದೊಡ್ಡ ಕೆಲಸ. ಅಲ್ಲಿಯದೆಲ್ಲ ಇಲ್ಲಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬೇರೆ ಬೇರೆ ಬಿದ್ದಿರುವುದನ್ನು ಒಟ್ಟಿಗೆ ಹಾಕುವ ಲೆಕ್ಕ ಯಾವ ದೇಶದಲ್ಲಾದರೂ ಒಂದೇ ಅಲ್ವಾ?

ಅಷ್ಟಕ್ಕೂ ನಮಗೆ ಇದು ಹೊಸದೇನಲ್ಲ. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಧರ್ಮಛತ್ರ ಕಟ್ಟಿಸಿ, ಹಳ್ಳಿಯಿಂದ ಬರುವ ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲ್ ವ್ಯವಸ್ಥೆ ಆಗುವ ಹಾಗೆ ಆಸ್ತಿ ಬಿಟ್ಟು ಹೋದರು. ನಮ್ಮ ಕಡೆ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ಸಂಸ್ಥಾನದ ಆಸ್ತಿಯನ್ನೇ ಹುಡುಗರ ಓದಿಗೆ ಬರೆದಿಟ್ಟರು. ಅವರಿಬ್ಬರೂ ಹುಡುಗನ ಊಟ, ವಸತಿ, ಫೀ ಅಂತ ಯೋಚನೆ ಮಾಡಿದರು. ದಿನಾ ಬೇಕಾಗುವುದರ ಬಗ್ಗೆ.

ಈಗಿನ ಕಾಲದ ಮಾದರಿ ಬೇಕು ಅಂದರೆ ಉಡುಪಿಗೆ ಹೋಗಿ ನೋಡಬೇಕು. ಅಲ್ಲಿಯ ಯಕ್ಷಗಾನ ಕಲಾರಂಗ 1975ರಲ್ಲಿ ಯಕ್ಷಗಾನದ ಅಭಿಮಾನಿಗಳು ಕಟ್ಟಿದ ಸಂಸ್ಥೆ. ಮೊದಲು ಕಲಾವಿದರ ಕಷ್ಟಸುಖ ನೋಡುತ್ತಿದ್ದರು. ಆಮೇಲೆ ‘ವಿದ್ಯಾಪೋಷಕ್’ ಅಂತ ಬಡ ಮಕ್ಕಳ ಪಿಯುಸಿ ಓದಿಗೆ ನೆರವು ಕೊಡುವುದನ್ನು ಶುರು ಮಾಡಿದರು. ಅವರ ಕ್ರಮದಲ್ಲಿ ನನಗೆ ಇಷ್ಟವಾದದ್ದು ಒಂದೇ ವಿಷಯ: ಅರ್ಜಿ ಹಾಕಿದ ಹುಡುಗ-ಹುಡುಗಿಯ ಮನೆಗೆ ಕಾರ್ಯಕರ್ತರೇ ಹೋಗುತ್ತಾರೆ. ಆದಾಯ ಪ್ರಮಾಣಪತ್ರ ಯಾರು ಬೇಕಾದರೂ ತರಬಹುದು, ಮನೆ ಸುಳ್ಳು ಹೇಳುವುದಿಲ್ಲ. ಹಾಗೆ ಹೋದಾಗ ಮಳೆಗೆ ಸೋರುವ ಮನೆ ಕಂಡು, ದಾನಿಗಳನ್ನು ಹಿಡಿದು ಮನೆ ಕಟ್ಟಿಸಿಕೊಡುವುದನ್ನೂ ಮಾಡುತ್ತಿದ್ದಾರೆ. ಅತ್ತ ಉಡುಪಿಯ ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುವ ಕೆಲಸ ಯಕ್ಷಶಿಕ್ಷಣದ ಹೆಸರಲ್ಲಿ ನಡೆಯುತ್ತಿದೆ, ವರ್ಷದ ಕೊನೆಗೆ ಆ ಮಕ್ಕಳದೇ ಪ್ರದರ್ಶನ ಆಗುತ್ತದೆ. ಹುಡುಗಿಯರೂ ಗೆಜ್ಜೆ ಕಟ್ಟುತ್ತಾರೆ. ಕಲಿಸುವ ಗುರು ಮೊದಲು, ಪ್ರದರ್ಶನ ಆಮೇಲೆ.

ಇನ್ನೊಂದು ಬೆಂಗಳೂರಿನದು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತ, 1993ರಲ್ಲಿ ಶುರುವಾದದ್ದು. ‘ಕಲಿ-ಕಲಿಸು’ ಅನ್ನುವ ಅವರ ಯೋಜನೆಯಲ್ಲಿ ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರಿಗೇ ಅನುದಾನ ಕೊಟ್ಟು, ಆ ಊರಿನ ಕಲೆ, ಕಸುಬು, ಕಥೆಗಳನ್ನು ಪಾಠದ ಜೊತೆ ಸೇರಿಸಿ ಅನ್ನುತ್ತಾರೆ. ಅಂದರೆ ದುಡ್ಡು ಕೊಟ್ಟದ್ದು ಒಬ್ಬ ಮೇಷ್ಟ್ರಿಗೆ ಮತ್ತು ಅವರ ತಲೆಯಲ್ಲಿರುವ ಯೋಚನೆಗೆ. ಇಷ್ಟು ಧೈರ್ಯ ಎಷ್ಟು ದಾನಿಗಳಿಗೆ ಇದೆ?

ವೈಯಕ್ತಿಕ ಸ್ಕಾಲರ್‌ಶಿಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಈಗ ಮೊದಲಿಗಿಂತ ಎಷ್ಟೋ ವಾಸಿ. ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಕಾಲೇಜು ಓದಲು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ದೊಡ್ಡ ಮಾತು ಅದು. ಆದರೆ ಅಲ್ಲೂ ಕೊನೆಯ ಹೆಜ್ಜೆಗೆ ಒಬ್ಬರು ಬೇಕು. ನಮ್ಮ ಓಣಿಯ ಒಬ್ಬ ಹುಡುಗಿಗೆ ಬೇರೊಂದು ಸ್ಕಾಲರ್‌ಶಿಪ್ ತಪ್ಪಿದ್ದು ಯಾಕೆ ಗೊತ್ತಾ? ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಆಧಾರಿನಲ್ಲಿ ಅಡ್ಡಹೆಸರು ಹಿಂದೆ ಮುಂದೆ ಆಗಿತ್ತು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿತ್ತಾದರೂ ಬೇರೆ ಖಾತೆಗೆ ಆಗಿತ್ತು. ಸರಿ ಮಾಡಿಸುವಷ್ಟರಲ್ಲಿ ಕೊನೇ ದಿನಾಂಕ ದಾಟಿತು. ಅವಳಿಗೆ ಅಂಕ ಇತ್ತು, ಅರ್ಹತೆ ಇತ್ತು, ಪಕ್ಕದಲ್ಲಿ ಕೂತು ಫಾರಂ ತುಂಬುವವರು ಇರಲಿಲ್ಲ. ಸಂಜೆ ಪಾಠ ಹೇಳುವ ಹುಡುಗಿಗೆ ಗೌರವಧನ ಕೊಟ್ಟರೆ ಈ ಕೆಲಸವೂ ಅದರಲ್ಲೇ ಆಗಿಹೋಗುತ್ತದೆ, ಈಗಲೂ ಅರ್ಧ ಅವಳೇ ಮಾಡುತ್ತಿದ್ದಾಳೆ.

ಸರ್ಕಾರದ್ದು? ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ-ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ, ವಾದ್ಯ-ವೇಷಭೂಷಣಕ್ಕೂ ಇದೆ, ಅರ್ಜಿಯೂ ಕನ್ನಡದಲ್ಲೇ. ಅದಕ್ಕೆ ನಮಸ್ಕಾರ. ಬಂದಾಗ ಬರುತ್ತದೆ, ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಶಾಲೆಯಲ್ಲಿ ಪ್ರತಿಭಾ ಕಾರಂಜಿ ಇದೆ, ಕ್ಲಸ್ಟರಿನಿಂದ ರಾಜ್ಯದವರೆಗೆ ಸ್ಪರ್ಧೆ. ಆದರೆ ಸ್ಪರ್ಧೆಗೆ ಒಂದು ವಾರ ಇದ್ದಾಗ ಯೂಟ್ಯೂಬ್ ನೋಡಿ ಜನಪದ ನೃತ್ಯ ಕಲಿಯುವುದನ್ನು ನಾನು ಎಷ್ಟೋ ಶಾಲೆಗಳಲ್ಲಿ ಕಂಡಿದ್ದೇನೆ, ಅದೂ ಊರಲ್ಲೇ ಅದನ್ನು ಆಡುವ ಮುದುಕರು ಕಟ್ಟೆಯ ಮೇಲೆ ಕೂತಿರುವಾಗ.

ನನ್ನ ಸಲಹೆ ಇಷ್ಟು. ಜಿಲ್ಲೆಗೊಂದು ಸಮುದಾಯ ನಿಧಿ ಆಗಲಿ. ಸಾರ್ವಜನಿಕ ಟ್ರಸ್ಟ್ ಆಗಿ ನೋಂದಣಿ, 12ಎ, 80ಜಿ ಎಲ್ಲ ಅದೇ ಮಾಡಿಸಿಕೊಳ್ಳಲಿ, ಲೆಕ್ಕಪರಿಶೋಧನೆಯ ತಲೆನೋವೂ ಅದಕ್ಕೇ ಇರಲಿ. ಹಳ್ಳಿಯ ಸಣ್ಣ ಸಂಘಗಳು ಅದರ ಕೊಡೆ ಕೆಳಗೆ ಬರಲಿ. ಮೂಲ ನಿಧಿಗೆ ಕಂಪನಿಯ ದುಡ್ಡು ತೆಗೆದುಕೊಳ್ಳಲು ಆಗುವುದಿಲ್ಲ, 2021ರ ಜನವರಿಯಿಂದ ಸಂಸ್ಥೆಯ ಮೂಲಧನಕ್ಕೆ ಕೊಟ್ಟದ್ದು ಆ ಎರಡು ಪರ್ಸೆಂಟಿನ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅದು ಜನರಿಂದಲೇ ಕೂಡಬೇಕು. ಹಳೇ ದತ್ತಿ ಇಟ್ಟ ಮನೆತನದವರು ಒಪ್ಪಿದರೆ ಅವನ್ನೂ ಸೇರಿಸಬಹುದು. ಬರೆದುಕೊಟ್ಟ ಷರತ್ತು ಬದಲಿಸುವುದು ಸುಲಭ ಅಲ್ಲ, ಕೆಲವದಕ್ಕೆ ಕೋರ್ಟಿಗೇ ಹೋಗಬೇಕಾಗುತ್ತದೆ, ಅದು ನನಗೆ ಗೊತ್ತು. ಆದರೆ ಇನ್ನು ಮುಂದೆ ದತ್ತಿ ಇಡುವವರಾದರೂ ‘ಕನ್ನಡದಲ್ಲಿ ಅತಿ ಹೆಚ್ಚು ಅಂಕ’ ಅಂತ ಕಟ್ಟಿಹಾಕದೆ, ‘ಈ ತಾಲ್ಲೂಕಿನ ಮಕ್ಕಳ ಓದು ಮತ್ತು ಕಲೆಗೆ’ ಅಂತ ಸಡಿಲವಾಗಿ ಬರೆಯಲಿ. ತಂದೆಯವರ ಹೆಸರು ಹಾಗೇ ಇರುತ್ತದೆ, ಅದಕ್ಕೇನೂ ಧಕ್ಕೆ ಇಲ್ಲ.

ಲೆಕ್ಕ ನೋಡಿ. ಒಂದು ಕೋಟಿ ಕೂಡಿ, ಏಳು ಪರ್ಸೆಂಟ್ ಬಡ್ಡಿ ಸಿಕ್ಕರೆ ವರ್ಷಕ್ಕೆ 7 ಲಕ್ಷ. ಬೆಲೆ ಏರುತ್ತಲ್ಲ, ಹಾಗಾಗಿ 1 ಲಕ್ಷ ವಾಪಸ್ ಅಸಲಿಗೇ ಹಾಕಿ. ಉಳಿದ 6 ಲಕ್ಷದಲ್ಲಿ ಹತ್ತು ಸಂಘಗಳಿಗೆ 60,000 ಆಯಿತು. ತಿಂಗಳಿಗೆ 5,000 ಗೌರವಧನ, ಬೇಸಿಗೆಯ ಎರಡು ತಿಂಗಳು ಬಿಟ್ಟು ಹತ್ತು ತಿಂಗಳಿಗೆ 50,000. ಉಳಿದ ಹತ್ತು ಸಾವಿರದಲ್ಲಿ ಮದ್ದಲೆ ರಿಪೇರಿ, ನೋಟ್‌ಬುಕ್ಕು, ಚುರುಮುರಿ. ಒಂದು ಕೋಟಿ ಅಂದರೆ ಗಾಬರಿ ಆಗಬೇಡಿ. ನಮ್ಮ ಜಿಲ್ಲೆಯಲ್ಲಿ ಎಂಟು ತಾಲ್ಲೂಕು. ಒಂದು ತಾಲ್ಲೂಕಿಗೆ ಹನ್ನೆರಡೂವರೆ ಲಕ್ಷ. ಅದಕ್ಕಿಂತ ಜಾಸ್ತಿ ದುಡ್ಡು ಕೂಡಿಸಿ ಜಾತ್ರೆ ಮಾಡುವ ಊರುಗಳು ನಮ್ಮಲ್ಲಿವೆ.

ಷರತ್ತುಗಳು ಕಡಿಮೆ ಇರಲಿ, ಆದರೆ ಗಟ್ಟಿ ಇರಲಿ. ಅರ್ಜಿ ಕನ್ನಡದಲ್ಲಿ, ಎರಡು ಪುಟ, ಕೈಬರಹದಲ್ಲೂ ನಡೆಯಬೇಕು, ಬರೆಯಲು ಆಗದವರು ಫೋನಿನಲ್ಲಿ ಮಾತಾಡಿ ಕಳಿಸಿದರೂ ನಡೆಯಬೇಕು. ಒಮ್ಮೆ ಕೊಟ್ಟರೆ ಮೂರು ವರ್ಷ, ಏಕೆಂದರೆ ದೊಡ್ಡಾಟದ ಒಂದು ಪ್ರಸಂಗ ಮಕ್ಕಳಿಗೆ ಸರಿಯಾಗಿ ಕೂರಲು ಒಂದು ವರ್ಷ ಸಾಲುವುದಿಲ್ಲ. ಸಣ್ಣ ಖರ್ಚಿಗೆ ಕೈರಸೀದಿ ಸಾಕು, ಊರಿನ ಇಬ್ಬರ ಸಹಿ ಇದ್ದರೆ ಆಯಿತು. ಬದಲಿಗೆ ಸಮಿತಿಯವರು ಹೇಳದೇ ಕೇಳದೇ ಒಂದು ಸಂಜೆ ಬಂದು ನೋಡಲಿ. ಲೊಕೇಶನ್ ಫೋಟೊ ನೂರು ಕಳಿಸಬಹುದು, ಮಂಗಳವಾರ ಸಂಜೆ ಏಳು ಗಂಟೆಗೆ ಮೂವತ್ತು ಮಕ್ಕಳನ್ನು ಸುಳ್ಳು ಸುಳ್ಳೇ ಕೂರಿಸುವುದಕ್ಕೆ ಆಗುವುದಿಲ್ಲ.

ಹುಡುಗಿಯರ ವಿಷಯ ಒಂದಿದೆ, ಯಾರೂ ಬರೆಯುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಟಿಕೆಟಿನ ಚಿಂತೆ ಇಲ್ಲ. ಆದರೆ ತಾಲೀಮು ಮುಗಿಯುವ ಹೊತ್ತಿಗೆ ಬಸ್ಸೇ ಇರುವುದಿಲ್ಲ. ಪಕ್ಕದ ಊರಿನ ಮೂವರು ಹುಡುಗಿಯರು ಆ ಕಾರಣಕ್ಕೇ ಬಿಟ್ಟರು, ಅದರಲ್ಲಿ ಒಬ್ಬಳ ಪದ ಕೇಳಬೇಕಿತ್ತು ನೀವು. ವಾರಕ್ಕೆ ಮೂರು ದಿನ ಒಂದು ಟಂಟಂ ಗಾಡಿ ಗೊತ್ತು ಮಾಡಿದರೆ ಮುಗಿಯುವ ಸಮಸ್ಯೆ. ಯಾವ ಪ್ರತಿಷ್ಠಾನದ ಫಾರಂನಲ್ಲೂ ಟಂಟಂ ಬಾಡಿಗೆಗೆ ಕಾಲಂ ಇಲ್ಲ.

ಸಮಿತಿಯಲ್ಲಿ ಯಾರು ಕೂರಬೇಕು ಅನ್ನುವುದೇ ದೊಡ್ಡ ಜಗಳ ಆಗುತ್ತದೆ, ಗೊತ್ತು. ಆ ಪಕ್ಷ, ಈ ಜಾತಿ, ಅವರ ಅಳಿಯ. ಗೆದ್ದವರು, ಸೋತವರು, ಟಿಕೆಟ್ ಕೇಳುತ್ತಿರುವವರು ಮೂವರನ್ನೂ ಹೊರಗಿಡಿ. ಒಬ್ಬರು ಶಾಲೆಯಿಂದ, ಒಬ್ಬರು ಕಲಾವಿದರು, ಒಬ್ಬರು ಲೆಕ್ಕ ಗೊತ್ತಿರುವವರು, ದಲಿತ ಕೇರಿಯಿಂದ ಮತ್ತು ಹೆಣ್ಣುಮಕ್ಕಳಿಂದ ಕಡ್ಡಾಯವಾಗಿ, ಇಪ್ಪತ್ತೈದರ ಒಳಗಿನ ಇಬ್ಬರು. ಎರಡು ವರ್ಷಕ್ಕೆ ಬದಲು. ಯಾರಿಗೆ ಎಷ್ಟು ಕೊಟ್ಟರು ಅಂತ ಪಂಚಾಯತಿ ಗೋಡೆಗೆ ಹಚ್ಚಬೇಕು. ಶಿಗ್ಗಾಂವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ ನಮಗೆ. ಯಾವ ಊರಲ್ಲಿ ಯಾವ ಕಲೆ ಕಲಿಸುವವರು ಇನ್ನೂ ಇದ್ದಾರೆ ಅನ್ನುವ ಪಟ್ಟಿಯನ್ನು ಅವರು ಮಾಡಿಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

ಹೊರದೇಶದಲ್ಲಿರುವ ನಮ್ಮವರಿಗೂ ಒಂದು ಮಾತು. ಹಬ್ಬಕ್ಕೆ ಬಂದಾಗ ‘ಊರಿಗೆ ಏನಾದರೂ ಮಾಡಬೇಕು ಕಾಕಾ’ ಅನ್ನುತ್ತೀರಿ. ಮಾಡಿ. ಭಾರತದ ಪಾಸ್‌ಪೋರ್ಟ್ ಇನ್ನೂ ಇದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಂತ ಲೆಕ್ಕ ಆಗುವುದಿಲ್ಲ. ಪಾಸ್‌ಪೋರ್ಟ್ ಬದಲಾಗಿದ್ದರೆ ಕಥೆಯೇ ಬೇರೆ, ತೆಗೆದುಕೊಳ್ಳುವ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ, ಬೇಕು, ಇಲ್ಲದಿದ್ದರೆ ಕೊಟ್ಟವರಿಗಿಂತ ಇಸಿದುಕೊಂಡವರಿಗೆ ತೊಂದರೆ. ಗೊತ್ತಿಲ್ಲದೆ ನೇರವಾಗಿ ಸಂಘದ ಖಾತೆಗೆ ಹಾಕಬೇಡಿ. ಇಲ್ಲಿರುವವರೂ 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ 80ಜಿ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಇಲ್ಲ. ರಿಯಾಯಿತಿ ಇಲ್ಲ ಅಂತ ಕೊಡುವುದನ್ನು ಬಿಡುವವರಾಗಿದ್ದರೆ ನೀವು ಈ ಪತ್ರವನ್ನು ಇಲ್ಲಿಯವರೆಗೆ ಓದುತ್ತಿರಲಿಲ್ಲ.

ಸಂಪಾದಕರೇ, ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಅನುದಾನ, ಸ್ಕಾಲರ್‌ಶಿಪ್‌ಗಳ ಪ್ರಕಟಣೆ ಹಳ್ಳಿಗೆ ಮುಟ್ಟುವುದು ಕೊನೇ ದಿನಾಂಕ ಮುಗಿದ ಮೇಲೆ. ತಿಂಗಳ ಮೊದಲ ಸೋಮವಾರ ಜಿಲ್ಲಾ ಪುಟದಲ್ಲಿ ಒಂದು ಕಾಲಂ ಬಿಟ್ಟುಕೊಡಿ: ಯಾರು ಕೊಡುತ್ತಾರೆ, ಯಾರು ಅರ್ಜಿ ಹಾಕಬಹುದು, ಕೊನೇ ದಿನ ಯಾವತ್ತು, ಯಾವ ಯಾವ ಕಾಗದ ಬೇಕು. ಪಟ್ಟಿ ಮಾಡಿ ಕಳಿಸುವ ಕೆಲಸ ನಾವು ನಾಲ್ಕೈದು ಜನ ನಿವೃತ್ತರು ಮಾಡುತ್ತೇವೆ, ದುಡ್ಡು ಬೇಡ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಒಂದು ಸಲ ಬಂದರೂ ಸಾಕು. ಒಪ್ಪಿಗೆ ಇದ್ದರೆ ನಿಮ್ಮ ಹಾನಗಲ್ಲ ವರದಿಗಾರರಿಗೆ ಹೇಳಿ ಕಳಿಸಿ, ಅವರಿಗೆ ನನ್ನ ಮನೆ ಗೊತ್ತು.

– ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಹಾನಗಲ್ಲ ತಾಲ್ಲೂಕು